ಸಿಡುಕಿಯ ತಾರೀಖು

ಕೊಟ್ಟಿಗೆಯ ಬಾಗಿಲ ಹಿಂದೆ ಒಂದು ಕರಿಹಲಗೆ, ಅದರ ಪಕ್ಕದ ಗೋಡೆಗೆ ಅಂಟಿಸಿದ ಒಂದು ದ್ವೀಪ.

ಹಲಗೆಯ ಮೇಲೆ ಹದಿಮೂರು ಹಸುಗಳ ಹೆಸರುಗಳಿದ್ದವು. ಒಂದೊಂದು ಹೆಸರಿನ ಮುಂದೆಯೂ ದನದ ಡಾಕ್ಟರು ಬಂದು ಅದಕ್ಕೆ ಗರ್ಭ ಕಟ್ಟಿಸಿದ ದಿನ. ದ್ವೀಪ ಒಂದು ಹಳೆಯ ಕ್ಯಾಲೆಂಡರಿನದು, ಹಿಂಡಿಯ ಅಂಗಡಿಯವರು ಕೊಟ್ಟದ್ದು. ವರ್ಷ ಮುಗಿದ ಮೇಲೆ ದೊಡ್ಡಾಕೆ ತಾರೀಖುಗಳ ಭಾಗವನ್ನು ಕತ್ತರಿಸಿ ಒಲೆಗೆ ಹಾಕಿ, ಚಿತ್ರವನ್ನಷ್ಟೇ ತಂದು ಅಲ್ಲಿ ಅಂಟಿಸಿದ್ದಳು. ಬಿಳಿ ಮರಳು, ನೀರಿನ ಕಡೆಗೆ ಬಾಗಿದ ಒಂದು ತೆಂಗಿನ ಮರ, ಹಸಿರೋ ನೀಲಿಯೋ ಹೇಳಲಾಗದ ಕಡಲು. ಒಂಬತ್ತು ವರ್ಷದಲ್ಲಿ ನೊಣಗಳು ಆಕಾಶದ ತುಂಬ ಚುಕ್ಕಿ ಇಟ್ಟಿದ್ದವು. ಯಾವುದೋ ಕರು ಕೆಳಗಿನ ಮೂಲೆಯನ್ನು ನೆಕ್ಕಿ ಅಷ್ಟು ಸಮುದ್ರವನ್ನು ಬೆಳ್ಳಗೆ ಮಾಡಿತ್ತು.

ಆ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಅಣ್ಣನ ಹೆಂಡತಿ ದೊಡ್ಡಾಕೆ, ತಮ್ಮನ ಹೆಂಡತಿ ಚಿಕ್ಕಾಕೆ. ಊರೆಲ್ಲ ಅವರನ್ನು ಹಾಗೇ ಕರೆಯುವುದು. ಹೊಲ, ಮೇವು, ಗೊಬ್ಬರ ಗಂಡಸರ ಪಾಲಿಗೆ, ಕೊಟ್ಟಿಗೆ ಹೆಂಗಸರ ಪಾಲಿಗೆ. ಬೆಳಿಗ್ಗೆ ಒಂದು ಕರಾವು, ಸಂಜೆ ಒಂದು ಕರಾವು. ಹಸುಗಳು ಎರಡು ಸಾಲಾಗಿ ನಿಲ್ಲುತ್ತಿದ್ದವು, ನಡುವೆ ಇವರಿಬ್ಬರು ಬೆನ್ನಿಗೆ ಬೆನ್ನು ಮಾಡಿ ಕೂತು ಕರೆಯುತ್ತಿದ್ದರು. ಹದಿನಾರು ವರ್ಷದಲ್ಲಿ ಮುಖ ನೋಡಿ ಆಡಿದ ಮಾತಿಗಿಂತ ಬೆನ್ನು ಕೊಟ್ಟು ಆಡಿದ ಮಾತೇ ಹೆಚ್ಚು. ಒಂದು ದಿನ ಆ ದ್ವೀಪಕ್ಕೆ ಇಬ್ಬರೂ ಹೋಗಿಬರಬೇಕು ಅನ್ನುವುದೂ ಅಂಥ ಮಾತುಗಳಲ್ಲಿ ಒಂದು. ಆಗ ಕರೆಯುವವರು ಯಾರು ಎಂದು ದೊಡ್ಡಾಕೆ ಕೇಳುವಳು. ಯಜಮಾನರಿಬ್ಬರೂ ಕರೀಲಿ, ಒದೆ ತಿಂದು ಬುದ್ಧಿ ಬರಲಿ ಎಂದು ಚಿಕ್ಕಾಕೆ ಹೇಳುವಳು. ಇಬ್ಬರೂ ನಗುವರು. ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ದೊಡ್ಡಾಕೆ ಆ ಮಾತನ್ನು ನಗುವಿನ ಜೊತೆ ಚೆಲ್ಲದೆ ಒಂದಿಷ್ಟು ಒಳಗೆ ಉಳಿಸಿಕೊಂಡಿದ್ದಳು.

ಹಲಗೆ ಬರೆಯುವುದು ದೊಡ್ಡಾಕೆಯ ಕೆಲಸ. ಅವಳ ಅಕ್ಷರ ದುಂಡಗೆ, ಲೆಕ್ಕ ಗಟ್ಟಿ. ಗರ್ಭ ಕಟ್ಟಿಸಿದ ದಿನದಿಂದ ಒಂಬತ್ತು ತಿಂಗಳು ಹತ್ತು ದಿನ ಎಂದು ಬೆರಳ ಗೆಣ್ಣಿನ ಮೇಲೆ ಎಣಿಸಿ ಅವಳು ಹೇಳಿದ ದಿನದ ಆಚೀಚೆಗೇ ಹಸು ಈಯುತ್ತಿತ್ತು. ಡಾಕ್ಟರು ಒಂದು ಹೇಳಿ ಹಲಗೆ ಒಂದು ಹೇಳಿದರೆ ಮನೆಯವರು ಹಲಗೆಯನ್ನು ನಂಬುವರು. ಇನ್ನೊಂದು ಕಟ್ಟುಪಾಡೂ ಇತ್ತು. ಹಸು ಈಯುವ ಹಿಂದಿನ ಹತ್ತು ದಿನ, ಮುಂದಿನ ಹತ್ತು ದಿನ, ಅದು ಯಾರ ಕೈಗೆ ಒಗ್ಗಿದೆಯೋ ಅವರು ಮನೆ ಬಿಡುವಂತಿಲ್ಲ. ಉಳಿದ ಹಸುಗಳು ಯಾರ ಕೈಗಾದರೂ ನಿಲ್ಲುತ್ತಿದ್ದವು. ಸಿಡುಕಿಯದು ಮಾತ್ರ ಬೇರೆ. ತಾಯಿ ಸತ್ತ ಕರುವಾಗಿ ಚಿಕ್ಕಾಕೆಯ ಕೈಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದದ್ದು, ಅವಳೊಬ್ಬಳನ್ನು ಬಿಟ್ಟು ಯಾರು ಹತ್ತಿರ ಬಂದರೂ ಕಾಲು ಎತ್ತುತ್ತಿತ್ತು. ಹೋದ ಜೂನಿನಲ್ಲಿ ಚಿಕ್ಕಾಕೆ ಜ್ವರದಿಂದ ತಿಂಗಳಿಡೀ ಮಲಗಿದ್ದಾಗ ದೊಡ್ಡಾಕೆ ಅವಳ ಕೊಟ್ಟಿಗೆಯ ಕೋಟು ತೊಟ್ಟು, ಆ ವಾಸನೆಯ ನೆಪದಲ್ಲಿ ಹೇಗೋ ಕರೆದುಕೊಂಡಿದ್ದಳು. ಅದಕ್ಕೆ ಗರ್ಭ ಕಟ್ಟಿಸಿದ್ದೂ ಆಗಲೇ, ದೊಡ್ಡಾಕೆಯೇ ನಿಂತು.

ಚಿಕ್ಕಾಕೆಯ ಒಡಹುಟ್ಟಿದ ಅಕ್ಕ ಪಟ್ಟಣದಲ್ಲಿ ಕನ್ನಡಕದ ಅಂಗಡಿ ಇಟ್ಟವಳು. ಡಿಸೆಂಬರಿನಲ್ಲಿ ಒಂದು ಸಂಜೆ ಫೋನು ಮಾಡಿ, ಏಪ್ರಿಲ್ ಮೊದಲ ವಾರ ಅಂಗಡಿಗೆ ರಜೆ, ಒಂದರಿಂದ ಎಂಟರವರೆಗೆ ಒಂದು ದ್ವೀಪಕ್ಕೆ ಹೋಗೋಣ, ನೀನೂ ಬಾ ಎಂದಳು. ಚಿಕ್ಕಾಕೆ ಎರಡು ದಿನ ಯೋಚಿಸಿ ಹೂಂ ಎಂದಳು.

ಅಲ್ಲಿಂದ ಶುರುವಾಯಿತು. ಕೈ ಎರಡೂ ಕೆಚ್ಚಲಿನಲ್ಲಿ ಇರುವುದರಿಂದ ಚಿಕ್ಕಾಕೆ ಫೋನನ್ನು ಕಿಟಕಿಯ ಗೂಡಿನಲ್ಲಿ ನಿಲ್ಲಿಸಿ, ಸ್ಪೀಕರು ಹಾಕಿ ಮಾತಾಡುತ್ತಿದ್ದಳು. ದೋಣಿ ಎಷ್ಟು ಹೊತ್ತಿನದು, ಮರಳಿನಲ್ಲಿ ಯಾವ ಚಪ್ಪಲಿ ಹಾಕಿಕೊಳ್ಳಬೇಕು, ಬೆಳಿಗ್ಗೆ ಎಷ್ಟು ಗಂಟೆಗೆ ಏಳಬಹುದು. ಎಂಟು ಗಂಟೆಗೆ ಎದ್ದರೂ ಯಾರೂ ಕೇಳುವವರಿಲ್ಲ ಎಂದು ಆ ಕಡೆಯಿಂದ ಉತ್ತರ ಬಂದಾಗ ಚಿಕ್ಕಾಕೆ ಕರೆಯುವುದನ್ನೇ ನಿಲ್ಲಿಸಿ ನಕ್ಕಳು. ದೊಡ್ಡಾಕೆ ಬೆನ್ನು ತಿರುಗಿಸಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಹದಿನಾರು ವರ್ಷ ಚಿಕ್ಕಾಕೆ ತನ್ನನ್ನು ಅಕ್ಕ ಎಂದೇ ಕರೆದಿದ್ದಳು. ಫೋನಿನ ಕಡೆ ಕತ್ತು ಎತ್ತಿ ‘ಅಕ್ಕಾ’ ಎಂದು ಎಳೆಯುವಾಗ ಬರುವ ಧ್ವನಿ ಅದಲ್ಲ. ಅದು ಬೇರೆಯೇ, ಲಂಗ ತೊಟ್ಟ ಹುಡುಗಿಯದು. ಆ ಧ್ವನಿ ಇವಳಲ್ಲಿ ಇದೆ ಎಂದೇ ದೊಡ್ಡಾಕೆಗೆ ಇಷ್ಟು ದಿನ ಗೊತ್ತಿರಲಿಲ್ಲ.

ಗೊತ್ತಾದ ಮೇಲೆ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಆಯಿತು. ಉಪ್ಪು ನೀರಿಗೆ ಮೈ ಕೆರೆತ ಬರುತ್ತಂತೆ ಎಂದು ಒಂದು ದಿನ ದೊಡ್ಡಾಕೆ ಹೇಳಿದಳು. ಇನ್ನೊಂದು ದಿನ, ಎಲ್ಲೋ ದೋಣಿ ಮಗುಚಿದ್ದು ಪೇಪರಿನಲ್ಲಿ ಬಂದಿತ್ತು ಎಂದಳು. ಚಿಕ್ಕಾಕೆ ಹಾಲಿನ ನೊರೆ ಊದುತ್ತ, "ಮಗುಚಿದ್ರೆ ಈಜ್ಕೊಂಡು ಬಂದು ಸಂಜೆ ಕರಾವಿಗೆ ಹಾಜರಾಗ್ತೀನಿ ಬಿಡಿ ಅಕ್ಕ" ಎಂದಳು. ಪಟ್ಟಣದಿಂದ ಅಗಲ ಅಂಚಿನ ಹುಲ್ಲಿನ ಟೋಪಿಯೊಂದು ಬಂತು. ಚಿಕ್ಕಾಕೆ ಅದನ್ನು ಹಾಕಿಕೊಂಡೇ ಕೊಟ್ಟಿಗೆಗೆ ಬಂದಳು. ಸಿಡುಕಿ ಮೂಸಿ ನೋಡಿ ಅಂಚನ್ನು ಒಂದು ಬಾಯಿ ತಿಂದೇಬಿಟ್ಟಿತು. ಮೈದುನ, ದೊಡ್ಡಾಕೆಯ ಯಜಮಾನ ಎಲ್ಲರೂ ನಕ್ಕರು. ದೊಡ್ಡಾಕೆಯೂ ನಕ್ಕಳು, ಎಲ್ಲರಿಗಿಂತ ತುಸು ತಡವಾಗಿ.

ನೀರು ನೋಡಕ್ಕೆ ನೀರು ದಾಟಿ ಹೋಗಬೇಕಾ, ನಮ್ಮ ಕೆರೆ ಏನು ಪಾಪ ಮಾಡಿತ್ತು ಎಂದು ಊಟಕ್ಕೆ ಕೂತಾಗ ಯಜಮಾನ ತಮಾಷೆ ಮಾಡಿದ. ನೀವು ಆ ಕೆರೆಯ ದಂಡೆಯಲ್ಲಾದರೂ ನನ್ನನ್ನು ಎಂದು ಕೂರಿಸಿದ್ದೀರಿ ಎಂದು ದೊಡ್ಡಾಕೆ ಸಿಡಿದಳು. ತಟ್ಟೆಗೆ ಸಾರು ಬಡಿಸುವ ಸೌಟು ಅಂಚಿಗೆ ತಗಲಿ ಸದ್ದಾಯಿತು. ಯಜಮಾನನಿಗೆ ತಾನು ಅಂದದ್ದರಲ್ಲಿ ಏನಿತ್ತು ಎಂದು ಕೊನೆಗೂ ತಿಳಿಯಲಿಲ್ಲ.

ಕೋಣೆಗೆ ಕಡಲ ಕಡೆಯ ಕಿಟಕಿ ಇರಬೇಕೋ ತೋಟದ ಕಡೆಯದೋ ಎಂಬುದನ್ನು ಚಿಕ್ಕಾಕೆ ದೊಡ್ಡಾಕೆಯನ್ನೇ ಕೇಳಿದಳು. ತೋಟ ಇಲ್ಲೇ ಇದೆಯಲ್ಲ, ಕಡಲ ಕಡೆಯದೇ ತಗೋ ಎಂದು ದೊಡ್ಡಾಕೆ ಹೇಳಿದಳು. ಹೇಳಿದ ಮೇಲೆ ಆ ಕಿಟಕಿ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ. ಪರದೆ ಯಾವ ಬಣ್ಣದ್ದು, ಚಿಲಕ ಎಲ್ಲಿದೆ, ತೆರೆದಾಗ ಮೊದಲು ಬರುವುದು ಗಾಳಿಯೋ ಸದ್ದೋ ಎಂಬಷ್ಟನ್ನೂ ಕಟ್ಟಿಕೊಂಡಳು. ಅದೇ ದಿನ ಚಿಕ್ಕಾಕೆ ಫೋನಿಗೆ, ನಮ್ಮ ಕೊಟ್ಟಿಗೆಯಲ್ಲಿ ಒಂದು ಚಿತ್ರ ಇದೆ, ಜಾಗ ಅದೇ ಥರ ಇರಬೇಕು ನೋಡು ಎಂದದ್ದೂ ಕಿವಿಗೆ ಬಿತ್ತು. ನಮ್ಮ ಕೊಟ್ಟಿಗೆಯ ಚಿತ್ರ. ಅಂಟು ಕಾಯಿಸಿ, ಮಣೆ ಹತ್ತಿ, ಮೂಲೆ ಒತ್ತಿ ಹಿಡಿದುಕೊಂಡು ನಿಂತವಳು ಯಾರು?

ಡಿಸೆಂಬರಿನ ಕೊನೆಯ ವಾರ, ಸಂಜೆಯ ಕರಾವು. ಟಿಕೆಟ್ಟು ಮಾಡಿಸುವವನಿಗೆ ಅವತ್ತೇ ಹೂಂ ಅನ್ನಬೇಕು ಎಂದು ಕನ್ನಡಕದಕ್ಕ ಫೋನಿನಲ್ಲಿ ಅವಸರ ಮಾಡುತ್ತಿದ್ದಳು. ಚಿಕ್ಕಾಕೆ ಸಿಡುಕಿಯ ಕೆಳಗಿದ್ದಳು.

"ಅಕ್ಕ, ಸಿಡುಕೀದು ಯಾವತ್ತು ಬರತ್ತೆ, ಸ್ವಲ್ಪ ನೋಡಿ ಹೇಳ್ತೀರಾ?"

ದೊಡ್ಡಾಕೆ ಎದ್ದು ಬಾಗಿಲ ಹಿಂದಕ್ಕೆ ಹೋದಳು. ನೋಡುವ ಅಗತ್ಯವೇ ಇರಲಿಲ್ಲ. ಜೂನ್ ಮೂರು. ಒಂಬತ್ತು ತಿಂಗಳು ಹತ್ತು ದಿನಕ್ಕೆ ಮಾರ್ಚ್ ಹದಿಮೂರು. ಮೇಲೆ ಹತ್ತು ದಿನ ಬಿಟ್ಟರೂ ಏಪ್ರಿಲ್ ಒಂದಕ್ಕೆ ಚಿಕ್ಕಾಕೆ ಆರಾಮಾಗಿ ಹೊರಡಬಹುದು. ಸೀಮೆಸುಣ್ಣ ಹಲಗೆಯ ಮೊಳೆಗೆ ದಾರದಲ್ಲಿ ತೂಗುತ್ತಿತ್ತು. ಅದು ಕೈಗೆ ಬಂತು. ಮೂರರ ಹಿಂದೆ ಎರಡರ ಅಂಕಿ ಬರೆದಳು. ದುಂಡಗೆ ಬರೆದಳು, ಯಾವಾಗಿನ ಹಾಗೆ. ಬರೆದದ್ದನ್ನು ಒಂದು ಕ್ಷಣ ನೋಡಿ ಈಚೆ ಬಂದು, ಜೂನ್ ಇಪ್ಪತ್ತಮೂರು ಎಂದಳು. ಗೆಣ್ಣಿನ ಮೇಲೆ ಎಣಿಸಿ, ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ, ಏಪ್ರಿಲ್ ಎರಡೋ ಮೂರೋ ಆಗುತ್ತದೆ ಎಂದಳು.

ಬಕೆಟ್ಟಿಗೆ ಬೀಳುವ ಹಾಲಿನ ಸದ್ದು ನಿಂತಿತು. ಆಗಲ್ಲ ಕಣೇ ಅಕ್ಕ, ನಾನು ಬರೋದಕ್ಕಾಗಲ್ಲ ಎಂದು ಚಿಕ್ಕಾಕೆ ಕಿಟಕಿಯ ಕಡೆಗೆ ಹೇಳಿದಳು. ಆ ಕಡೆಯವಳು ಒಂದು ಹಸುವಿಗೋಸ್ಕರವಾ ಎಂದು ರೇಗಿದಳು. ಚಿಕ್ಕಾಕೆ ಮೊಣಕೈಯಿಂದ ಫೋನು ಆರಿಸಿದಳು. ಆಮೇಲೆ ಹಾಲಿನ ಸದ್ದು ಮತ್ತೆ ಶುರುವಾಯಿತು.

ಅವತ್ತು ದೊಡ್ಡಾಕೆ ಅಡಿಗೆಗೆ ಎರಡು ಪಲ್ಯ ಮಾಡಿದಳು. ಕೈ ಕಾಲು ಹಗುರಾಗಿತ್ತು. ಚಿಕ್ಕಾಕೆಗೆ ತಾನೇ ಮುಂದೆ ನಿಂತು ಬಡಿಸಿ, ಇನ್ನೊಂದು ವರ್ಷ ಹೋದರಾಯಿತು ಬಿಡು ಎಂದು ಸಮಾಧಾನ ಹೇಳಿದಳು. ಆ ಹಗುರ ಎರಡು ಕರಾವಿನಷ್ಟು ಹೊತ್ತು ಇತ್ತು. ಮೂರನೆಯ ಕರಾವಿನಲ್ಲಿ ಚಿಕ್ಕಾಕೆ ಬೆನ್ನ ಹಿಂದಿನಿಂದ ಹೇಳಿದಳು:

"ಅಕ್ಕ, ನೀವು ಹೋಗಿಬನ್ನಿ. ನನ್ನ ಜಾಗಕ್ಕೆ ನಿಮ್ಮ ಹೆಸರು ಬರೆಸು ಅಂತ ನಮ್ಮಕ್ಕನಿಗೆ ಹೇಳಿದೀನಿ. ನಾನು ಹೇಗೂ ಇಲ್ಲಿರ್ತೀನಿ. ಆ ಚಿತ್ರ ಅಂಟಿಸಿದ್ದು ನೀವಲ್ವಾ."

ದೊಡ್ಡಾಕೆ ಬೇಡ ಎಂದಳು. ಮತ್ತೊಮ್ಮೆ ಬೇಡ ಎಂದಳು. ಮೂರನೆಯ ಸಲ ಚಿಕ್ಕಾಕೆ ಕೇಳಿದಾಗ, ಆ ಟೋಪಿ ನನ್ನ ತಲೆಗೆ ಆಗುತ್ತದೆಯೇ ಎಂದಳು.

ಹೀಗೆ ದ್ವೀಪ ಅವಳ ಪಾಲಿಗೆ ಬಂತು. ಅಂಚು ಕಚ್ಚಿದ ಟೋಪಿ ಅವಳ ಕೋಣೆಯ ಮೊಳೆಗೆ ಬಂತು. ಚಪ್ಪಲಿಯ ಅಳತೆ, ದೋಣಿಯ ಹೊತ್ತು, ಪೆಟ್ಟಿಗೆಯಲ್ಲಿ ಏನು ಕೆಳಗೆ ಏನು ಮೇಲೆ ಎಲ್ಲವನ್ನೂ ಚಿಕ್ಕಾಕೆಯೇ ಕೂತು ಹೇಳಿಕೊಟ್ಟಳು, ತಾನು ಹೋಗಿಬಂದವಳ ಹಾಗೆ. ಕನ್ನಡಕದಕ್ಕನ ಜೊತೆ ದೊಡ್ಡಾಕೆ ಫೋನಿನಲ್ಲಿ ಮಾತಾಡಿದಳು. ಅವಳು ಬಹಳ ಮರ್ಯಾದೆಯಿಂದ, ನಿಮಗೆ ಹೇಗೆ ಅನುಕೂಲವೋ ಹಾಗೇ ಮಾಡೋಣ, ಬೆಳಿಗ್ಗೆ ನೀವು ಎಷ್ಟಕ್ಕೆ ಏಳ್ತೀರಿ ಎಂದು ಕೇಳಿದಳು. ಐದಕ್ಕೆ ಎಂದು ದೊಡ್ಡಾಕೆ ಹೇಳಿದಳು. ಓಹೋ ಎಂದಳು ಅವಳು. ಆಮೇಲೆ ಫೋನು ಚಿಕ್ಕಾಕೆಯ ಕೈಗೆ ಹೋಯಿತು. ಎರಡು ನಿಮಿಷ ಕಳೆಯುವುದರಲ್ಲಿ ಅಕ್ಕತಂಗಿಯರ ನಗು ಕೊಟ್ಟಿಗೆಯ ತಗಡಿನ ಮಾಡಿನವರೆಗೂ ತುಂಬಿತು. ದೊಡ್ಡಾಕೆ ಹಿಂಡಿ ಅಳೆಯುವ ಸೇರು ಹಿಡಿದು ನಿಂತಿದ್ದಳು. ಕಡಲು ಸಿಕ್ಕಿತ್ತು, ಕಿಟಕಿ ಸಿಕ್ಕಿತ್ತು. ಆ ನಗು ಟಿಕೆಟ್ಟಿನ ಜೊತೆ ಬಂದಿರಲಿಲ್ಲ.

ಜನವರಿ ಹದಿಮೂರು ಬಂತು. ಹಸು ಈಯುವುದಕ್ಕೆ ಎರಡು ತಿಂಗಳು ಇರುವಾಗ ಕರೆಯುವುದನ್ನು ನಿಲ್ಲಿಸಿ ಹಾಲು ಬತ್ತಿಸಬೇಕು. ಇಲ್ಲವಾದರೆ ಒಳಗಿನ ಕರುವಿಗೆ ಸೇರಬೇಕಾದ ಸತ್ವ ಬಕೆಟ್ಟಿಗೆ ಇಳಿಯುತ್ತದೆ, ಈದ ಮೇಲೆ ಗಿಣ್ಣದ ಹಾಲೂ ತೆಳ್ಳಗಾಗುತ್ತದೆ. ಇದನ್ನು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹಲಗೆಯ ಲೆಕ್ಕಕ್ಕೆ ಸಿಡುಕಿಯನ್ನು ಇನ್ನೂ ಇಪ್ಪತ್ತು ದಿನ ಕರೆಯಬಹುದಿತ್ತು. ಚಿಕ್ಕಾಕೆ ಕರೆದಳು.

ಹದಿಮೂರರ ಬೆಳಿಗ್ಗೆ ದೊಡ್ಡಾಕೆ ಬೆನ್ನ ಹಿಂದೆ ಆ ಸದ್ದನ್ನು ಕೇಳಿದಳು. ಮೊದಲು ತಗಡಿನ ಮೇಲೆ ಸುಯ್ಯೆಂದು, ಬರಬರುತ್ತ ನೊರೆಯಲ್ಲಿ ಮೆತ್ತಗೆ. ಒಂದು ದಿನಕ್ಕೆ ಏನಾಗುವುದಿಲ್ಲ ಎಂದುಕೊಂಡಳು. ಹದಿನಾಲ್ಕು ಕಳೆಯಿತು, ಹದಿನೈದು ಕಳೆಯಿತು. ಯಾರೂ ನೋಡದಾಗ ಸಿಡುಕಿಯ ಗೋದಲಿಗೆ ಎರಡು ಹಿಡಿ ಹಿಂಡಿ ಹೆಚ್ಚಿಗೆ ಹಾಕಿದಳು. ಅದು ತಿನ್ನುತ್ತಲೇ ಇವಳ ಕಡೆಗೆ ಹಿಂಗಾಲು ಎತ್ತಿತು. ಹದಿನೇಳರ ಹೊತ್ತಿಗೆ ಅದರ ಸೊಂಟದ ಮೂಳೆ ಎದ್ದು ಕಾಣುತ್ತಿದೆ ಎಂದು ಅವಳಿಗೆ ಅನ್ನಿಸಿತು. ಇದ್ದದ್ದೋ ತನ್ನ ಕಣ್ಣಿಗೆ ಕಂಡದ್ದೋ ಎಂದು ಗಂಡನನ್ನು ಕರೆದು ತೋರಿಸಿದಳು. ಹಸುವಿಗೆ ಮೂಳೆ ಇರುತ್ತಪ್ಪ ಎಂದು ಅವನು ಹೊರಟುಹೋದ.

ಹತ್ತೊಂಬತ್ತರ ಸಂಜೆ, ಕರಾವಿನ ನಡುವೆ, ಚಿಕ್ಕಾಕೆ ಕೈ ನಿಲ್ಲಿಸಿ ಸಿಡುಕಿಯ ಪಕ್ಕೆಗೆ ಅಂಗೈ ಇಟ್ಟಳು.

"ಅಕ್ಕ, ಒಂದು ಮಾತು. ಕರು ಒದೆಯೋದು ಕೈಗೆ ಜೋರಾಗೇ ಸಿಗ್ತಿದೆ. ಏಳು ತಿಂಗಳಿಂದು ಹೀಗೆ ಸಿಗಲ್ಲ. ಹಾಲೂ ತಾನಾಗೇ ಕಮ್ಮಿ ಆಗ್ತಾ ಇದೆ. ನಿನ್ನೆಯಿಂದ ಅದೇ ಯೋಚ್ನೆ. ಆಮೇಲೆ ಅಂದ್ಕೊಂಡೆ, ಹಲಗೆ ಬರೆದಿರೋದು ಅಕ್ಕ. ನನ್ನ ಕೈಯೇ ಮರೆತಿರಬೇಕು."

ಹೇಳಿ ಮತ್ತೆ ಮೊಲೆಗೆ ಕೈ ಹಾಕಿದಳು.

ದೊಡ್ಡಾಕೆ ತನ್ನ ಬಕೆಟ್ಟನ್ನು ಹಸುವಿನ ಕೆಳಗಿಂದ ಎಳೆದು ಪಕ್ಕಕ್ಕಿಟ್ಟಳು. ಕೊಟ್ಟಿಗೆಯ ತುದಿಯ ಗೂಡಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು, ದನದ ಡಾಕ್ಟರು ಕೊಟ್ಟ ಚೀಟಿಗಳೆಲ್ಲ ಅದರಲ್ಲಿ. ಬರೆದುಕೊಂಡಾದ ಮೇಲೆ ಆ ಚೀಟಿಗಳನ್ನು ಯಾರೂ ತಿರುಗಿ ನೋಡಿದವರಲ್ಲ. ಅವಳು ಹುಡುಕಿ ಸಿಡುಕಿಯದನ್ನು ತೆಗೆದಳು. ಬಂದು ಚಿಕ್ಕಾಕೆಯ ಮುಂದೆ ನಿಂತಳು.

"ಅದನ್ನ ಕರೀಬೇಡ" ಎಂದಳು.

ಚಿಕ್ಕಾಕೆ ಕೋಟಿಗೆ ಕೈ ಒರೆಸಿಕೊಂಡು ಚೀಟಿ ಓದಿದಳು. ಎದ್ದು ಬಾಗಿಲ ಹಿಂದಕ್ಕೆ ಹೋದಳು. ದೊಡ್ಡಾಕೆ ಹಿಂದೆ ಹೋಗಲಿಲ್ಲ. ಹೋಗದೆಯೂ ಅವಳಿಗೆ ಕಾಣುತ್ತಿತ್ತು. ಏಳು ತಿಂಗಳ ಧೂಳು ಕುಡಿದು ಮೂರು ಕಂದಿತ್ತು, ಅದರ ಹಿಂದಿನ ಎರಡು ಬೆಳ್ಳಗೆ ಹೊಸದಾಗಿತ್ತು. ನೋಡಿದವರಿಗೆ ತಿಳಿಯುವಂತೆಯೇ ಇತ್ತು. ಯಾರೂ ನೋಡಿರಲಿಲ್ಲ.

ಚಿಕ್ಕಾಕೆ ತಿರುಗಿ ಬಂದು ನಿಂತಳು. ಇಷ್ಟು ವರ್ಷದಲ್ಲಿ ಕರಾವಿನ ಹೊತ್ತಿನಲ್ಲಿ ಅವರಿಬ್ಬರು ಎದುರು ಬದುರಾಗಿ ನಿಂತದ್ದು ಕಡಿಮೆ.

"ಯಾಕಕ್ಕ?"

"ನೀನು ಅವಳ ಜೊತೆ ಹೊರಟಿದ್ದೆ."

"ನಾನು ನಿಮ್ಮ ಜೊತೆ ಬರೋದಕ್ಕೆ ಯಾವತ್ತೂ ಆಗಲ್ಲವಲ್ಲ. ಇಬ್ಬರಲ್ಲಿ ಒಬ್ಬರು ಇಲ್ಲಿ ಇರಲೇಬೇಕು."

"ಗೊತ್ತು."

"ಗೊತ್ತಿದ್ದೂನಾ?"

"ಗೊತ್ತಿದ್ದೂ."

ಚಿಕ್ಕಾಕೆ ಚೀಟಿಯನ್ನು ಮಡಿಸಿದಳು. ಸಿಡುಕಿ ಅರ್ಧ ಕರೆದು ಬಿಟ್ಟದ್ದಕ್ಕೆ ಬೇಸರಗೊಂಡು ಬಾಲ ಬೀಸುತ್ತಿತ್ತು. ಅದರ ಬೆನ್ನ ಮೇಲೆ ಕೈ ಇಟ್ಟು, "ನನಗೆ ಮಾಡಿದ್ದು ಇರಲಿ. ಇದು ನಿಮಗೇನು ಮಾಡಿತ್ತು?" ಎಂದಳು.

ಹಾಲಿನ ವ್ಯಾನು ಬರುವ ಹೊತ್ತಾಗಿತ್ತು. ಇಬ್ಬರೂ ಉಳಿದ ಹಸುಗಳನ್ನು ಕರೆದು ಮುಗಿಸಿದರು.

ಮನೆಯಲ್ಲಿ ಯಾರಿಗೂ ವಿಷಯ ತಿಳಿಯಲಿಲ್ಲ. ತಾರೀಖು ತಪ್ಪಾಗಿ ಓದಿಬಿಟ್ಟಿದ್ದೆವು ಎಂದು ಚಿಕ್ಕಾಕೆ ಗಂಡನಿಗೂ ಭಾವನಿಗೂ ಹೇಳಿದಳು. ಕನ್ನಡಕದಕ್ಕನಿಗೂ ಅಷ್ಟೇ ಹೇಳಿ ಹೆಸರನ್ನು ಮತ್ತೆ ಬದಲಾಯಿಸಿದಳು. ಓದಿಬಿಟ್ಟಿದ್ದೆವು. ತನ್ನನ್ನೂ ಸೇರಿಸಿಕೊಂಡು ಹೇಳಿದ ಆ ಮಾತಿನ ಮುಂದೆ, ನಾಲ್ಕು ಜನರೆದುರು ಬೈಸಿಕೊಳ್ಳುವುದೇ ಎಷ್ಟೋ ಮೇಲಾಗಿತ್ತು ಎಂದು ದೊಡ್ಡಾಕೆಗೆ ಅನ್ನಿಸಿತು. ಟೋಪಿಯನ್ನು ಅವಳೇ ಹೋಗಿ ಚಿಕ್ಕಾಕೆಯ ಮೊಳೆಗೆ ಹಾಕಿ ಬಂದಳು. ಮರುದಿನ ಬೆಳಿಗ್ಗೆ ನೋಡಿದರೆ ಹಲಗೆಯ ಮೇಲಿನ ಎರಡನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ದಾರದ ತುದಿಯಲ್ಲಿ ಸೀಮೆಸುಣ್ಣ ಇರಲಿಲ್ಲ. ಅಂದಿನಿಂದ ಅದು ಚಿಕ್ಕಾಕೆಯ ಕೋಟಿನ ಜೇಬಿನಲ್ಲಿ ಇರುತ್ತಿತ್ತು, ಹಲಗೆ ಬರೆಯುವುದೂ ಅವಳದೇ ಆಯಿತು. ಅವಳ ಅಕ್ಷರ ಓರೆ. ಯಾಕೆ ಹೀಗಾಯಿತು ಎಂದು ಮೈದುನ ಒಂದು ಸಲ ಕೇಳಿದ. ಅಕ್ಕನ ಕಣ್ಣಿಗೆ ಸ್ವಲ್ಪ ಮಂಜು ಎಂದು ಚಿಕ್ಕಾಕೆ ಹೇಳಿದಳು. ಹಾಗಾದರೆ ಕನ್ನಡಕ ಮಾಡಿಸಬೇಕು, ಅಂಗಡಿ ಮನೆಯದೇ ಅಲ್ಲವಾ ಎಂದು ಅವನು ನಕ್ಕ.

ಸಿಡುಕಿ ಮಾರ್ಚ್ ಹದಿನಾಲ್ಕರ ಮಧ್ಯಾಹ್ನ ಈದಿತು. ಹೆಣ್ಣು ಕರು, ಗಾತ್ರದಲ್ಲಿ ಸಣ್ಣದು. ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗಿಣ್ಣದ ಹಾಲು ಸಾಲದೆ ಚಿಕ್ಕಾಕೆ ಬಾಟಲಿ ಹಿಡಿದು ಕೂರಬೇಕಾಯಿತು. ಆರು ದಿನದವರೆಗೆ, ಬಿದ್ದರೆ ಏಳಲಾರದು ಎಂಬಂತಿದ್ದದ್ದು, ಏಳನೆಯ ದಿನ ಬಕೆಟ್ಟು ಉರುಳಿಸಿ ಓಡಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಾಕೆ ಬಂದು ಆ ಬಕೆಟ್ಟನ್ನು ಎತ್ತಿ ನಿಲ್ಲಿಸಿದಳು.

ಏಪ್ರಿಲ್ ಒಂದರ ಬೆಳಿಗ್ಗೆ ಕರಾವು ಮುಗಿಸಿಯೇ ಚಿಕ್ಕಾಕೆ ಹೊರಟಳು. ಅಂಚು ಕಚ್ಚಿದ ಟೋಪಿ ತಲೆಯ ಮೇಲಿತ್ತು. ಕರುವಿಗೆ ದಿನಕ್ಕೆ ಎಷ್ಟು ಸಲ ಬಾಟಲಿ, ಸಿಡುಕಿಗೆ ಯಾವ ಕಡೆಯಿಂದ ಹೋಗಬೇಕು, ಇಷ್ಟನ್ನು ಹೇಳಿದಳು. ಬರ್ತೀನಿ ಅಕ್ಕ ಎಂದಳು. ಅಕ್ಕ ಎಂಬುದು ಹಾಗೇ ಉಳಿದಿತ್ತು, ಚಪ್ಪಟೆಯಾಗಿ. ದೊಡ್ಡಾಕೆ ದಾರಿಯ ತಿರುವಿನವರೆಗೂ ನೋಡುತ್ತ ನಿಂತಳು.

ಸಂಜೆ ಮೊಳೆಯಿಂದ ಚಿಕ್ಕಾಕೆಯ ಕೋಟು ತೆಗೆದು ತೊಟ್ಟಳು. ಅದು ಭುಜದಲ್ಲಿ ಬಿಗಿಯಾಗುತ್ತಿತ್ತು. ಸಿಡುಕಿ ತೋಳನ್ನು ಮೂಸಿತು, ಕತ್ತು ತಿರುಗಿಸಿ ಮುಖವನ್ನು ನೋಡಿತು, ಮತ್ತೆ ತೋಳನ್ನು ಮೂಸಿತು. ಕಾಲು ಅರ್ಧ ಎತ್ತಿ ಇಳಿಸಿತು. ಹಾಲು ಬಿಟ್ಟಿತು, ಪೂರ್ತಿಯಲ್ಲ.

ನಾಲ್ಕನೆಯ ತಾರೀಖು ಬಿಳಿಕಾಲಿ ಎಂಬ ಇನ್ನೊಂದು ಹಸು ಬೆದೆಗೆ ಬಂತು. ದನದ ಡಾಕ್ಟರು ಬಂದು ಕೆಲಸ ಮುಗಿಸಿ ಚೀಟಿ ಕೊಟ್ಟು ಹೋದರು. ಚೀಟಿ ಜೇಬಿಗೆ ಹಾಕಲು ಹೋದ ದೊಡ್ಡಾಕೆಯ ಬೆರಳಿಗೆ ಸೀಮೆಸುಣ್ಣ ತಗಲಿತು. ಚಿಕ್ಕಾಕೆ ಮರೆತು ಬಿಟ್ಟಳೋ, ಬೇಕೆಂದೇ ಬಿಟ್ಟಳೋ. ಕೋಟು ಬೇಕಾಗುತ್ತದೆ ಎಂದು ಗೊತ್ತಿದ್ದವಳು ಜೇಬು ನೋಡದೆ ಇರುತ್ತಾಳೆಯೇ?

ಬಾಗಿಲ ಹಿಂದಕ್ಕೆ ಹೋಗಿ ಬಿಳಿಕಾಲಿಯ ಮುಂದೆ ಏಪ್ರಿಲ್ ನಾಲ್ಕು ಎಂದು ಬರೆದಳು. ಬರೆದು, ಚೀಟಿಯನ್ನು ಡಬ್ಬಿಗೆ ಹಾಕದೆ ಹಲಗೆಯ ಪಕ್ಕದಲ್ಲೇ, ಯಾರಿಗಾದರೂ ಕಾಣುವಂತೆ ಮೊಳೆಗೆ ಚುಚ್ಚಿದಳು. ಮೊಳೆ ದ್ವೀಪದ ಹತ್ತಿರವೇ ಇತ್ತು. ಚೀಟಿಯ ತುದಿ ತೆಂಗಿನ ಮರದ ಮೇಲೆ ಬಂತು. ಸರಿಸಬಹುದಿತ್ತು, ಸರಿಸಲಿಲ್ಲ.

ಸಂಜೆ ನಾಲ್ಕೂವರೆ ಆಗಿತ್ತು. ಈಗ ಅಲ್ಲಿ ಅಕ್ಕತಂಗಿಯರು ಮಧ್ಯಾಹ್ನದ ನಿದ್ದೆಯಿಂದ ಎದ್ದಿರಬೇಕು. ಚಿಕ್ಕಾಕೆ ಕಿಟಕಿ ತೆಗೆದಿರಬೇಕು. ಕಡಲ ಕಡೆಯದು, ತಾನೇ ಆರಿಸಿ ಕೊಟ್ಟದ್ದು. ಮೊದಲು ಬಂದದ್ದು ಗಾಳಿಯೋ ಸದ್ದೋ? ಬಂದ ಮೇಲೆ ಕೇಳಬೇಕು ಎಂದುಕೊಂಡಳು. ಕೇಳಿದರೆ ಹೇಳುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಅವಳು ಎಷ್ಟು ಚೆನ್ನಾಗಿ ಹೇಳುತ್ತಾಳೋ ದೊಡ್ಡಾಕೆಗೆ ಕೇಳುವುದು ಅಷ್ಟೇ ಕಷ್ಟ. ಬಕೆಟ್ಟು ಎತ್ತಿಕೊಂಡು, ಎಡಗಡೆಯಿಂದ, ಹೇಳಿಕೊಟ್ಟ ಹಾಗೇ, ಸಿಡುಕಿಯ ಹತ್ತಿರ ಹೋದಳು.